ಊಟ ಬಿಟ್ಟು ಎದ್ದ ನಾಯಕರು

ವರ್ಷ ಮುಗಿಯುತ್ತಾ ಬಂತೆಂದರೆ ಪತ್ರಿಕೆಗಳಿಗೆ ಪಟ್ಟಿಯ ಹುಚ್ಚು ಹಿಡಿಯುತ್ತದೆ. ವರ್ಷದ ಹತ್ತು ಪುಸ್ತಕ, ಹತ್ತು ಆಟಗಾರರು, ಹತ್ತು ಸಿನಿಮಾ. ಹನ್ನೊಂದನೆಯದು ಏನು ಪಾಪ ಮಾಡಿತ್ತೋ ಯಾರೂ ಹೇಳುವುದಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲೂ ಇಂಥದೊಂದು ಪಟ್ಟಿ ತಯಾರಾಗುತ್ತದೆ, ಅಚ್ಚಾಗುವುದಿಲ್ಲ ಅಷ್ಟೆ. ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆಯಿದೆ. ಕಟ್ಟಿಸಿದವರು ಗಡಿಗೆಂದು ಕಟ್ಟಿಸಿದರು. ಅದು ಉಪಯೋಗಕ್ಕೆ ಬಂದದ್ದು ಮೊಣಕೈ ಊರುವುದಕ್ಕೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಸಿನಿಮಾದ ವಿಷಯದಲ್ಲಿ ಅವರಿಗೆ ಹಳತು ಹೊಸತು ಎಂಬ ಭೇದವಿಲ್ಲ. ಥಿಯೇಟರಿಗೆ ಬಂದದ್ದು, ಮಧ್ಯಾಹ್ನ ಟಿವಿಯಲ್ಲಿ ಹಾಕಿದ್ದು, ಮಗ ಬೆಂಗಳೂರಿನಿಂದ ಹಾಕಿಸಿಕೊಟ್ಟ ಓಟಿಟಿಯಲ್ಲಿ ಸಿಕ್ಕಿದ್ದು, ಎಲ್ಲವೂ ಅವರ ಪಾಲಿಗೆ ಈ ವರ್ಷದ ಸಿನಿಮಾಗಳೇ. "ಹೇಗಿತ್ತು ಮೇಷ್ಟ್ರೇ?" ಎಂದರೆ ಬೇರೆಯವರ ಹಾಗೆ ಕಥೆ ಹೇಳುವುದಿಲ್ಲ, ಹಾಡು ಹೇಳುವುದಿಲ್ಲ. ಅದರಲ್ಲಿ ಊಟ ಹೇಗಿತ್ತು ಎಂದು ಹೇಳುತ್ತಾರೆ.

"ನೋಡಿ ಸ್ವಾಮೀ, ಫೈಟು ಯಾರು ಬೇಕಾದ್ರೂ ಮಾಡಬಹುದು, ಡ್ಯೂಪ್ ಸಿಗ್ತಾನೆ. ಹಾಡಿಗೆ ಹಿನ್ನೆಲೆ ಗಾಯಕರು ಇದ್ದಾರೆ. ಊಟಕ್ಕೆ ಡ್ಯೂಪ್ ಇಲ್ಲ. ನಟ ಅನ್ನ ಕಲಸೋದು ನೋಡಿದ್ರೆ ಸಾಕು, ಅವನು ಪಾತ್ರದೊಳಗೆ ಇದ್ದಾನೋ, ಮೇಕಪ್ಪು ಕೆಡುತ್ತೆ ಅಂತ ಹೆದರಿಕೊಂಡು ಕೂತಿದ್ದಾನೋ ಗೊತ್ತಾಗುತ್ತೆ."

ಇದು ಅವರ ಸಿದ್ಧಾಂತ. ಮೊದಮೊದಲು ನಕ್ಕುಬಿಡುತ್ತಿದ್ದೆ. ಈಚೆಗೆ ನನಗೂ ಆ ಚಟ ಅಂಟಿದೆ. ತೆರೆಯ ಮೇಲೆ ನಾಯಕ ನಾಯಕಿ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರೆ ನಾನು ಮೇಜಿನ ಮೇಲೆ ಏನಿದೆ ಅಂತ ನೋಡುತ್ತಿರುತ್ತೇನೆ.

ಹೊಸ ಸಿನಿಮಾಗಳಲ್ಲಿ ಕಾಂಪೌಂಡಿನ ಎರಡೂ ಬದಿಯ ಒಮ್ಮತ ಪಡೆದದ್ದು ‘ಸು ಫ್ರಮ್ ಸೋ’. 2025ರ ಜುಲೈನಲ್ಲಿ ಬಂದಾಗ ಅದರಲ್ಲಿ ದೊಡ್ಡ ಹೀರೋ ಇರಲಿಲ್ಲ, ಕಟೌಟು ಇರಲಿಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಥಿಯೇಟರು ತುಂಬಿದವು. ಕರಾವಳಿಯ ಒಂದು ಹಳ್ಳಿ, ಅಲ್ಲೊಬ್ಬ ಅಶೋಕ. ಮಾಡಬಾರದ್ದು ಮಾಡಿ ಸಿಕ್ಕಿಬೀಳುವ ಹೊತ್ತಿಗೆ ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಊರವರು ಅದನ್ನು ನಂಬಿ, ದೆವ್ವಕ್ಕೊಂದು ಹೆಸರು ವಿಳಾಸ ಕೊಟ್ಟುಬಿಡುತ್ತಾರೆ: ಸೋಮೇಶ್ವರದ ಸುಲೋಚನಾ. ಕಥೆ ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡ್ ಅವರೇ ಅಶೋಕ. ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿ ದೆವ್ವ ಬಿಡಿಸಲು ಬರುವ ಗುರೂಜಿ.

"ಕಾಕತಾಳೀಯ ನೋಡಿ," ಎಂದರು ಮೇಷ್ಟ್ರು. "1934ರಲ್ಲಿ ಬಂತಲ್ಲ ಕನ್ನಡದ ಮೊದಲ ಟಾಕಿ, ಅದು ‘ಸತಿ ಸುಲೋಚನಾ’. ಶುರುವಾಗಿದ್ದು ಸತಿ ಸುಲೋಚನೆಯಿಂದ, ತೊಂಬತ್ತೊಂದು ವರ್ಷ ಆದಮೇಲೆ ದುಡ್ಡು ತಂದುಕೊಟ್ಟಿದ್ದು ದೆವ್ವ ಸುಲೋಚನೆ."

"ಅದರಲ್ಲಿ ಊಟ ಹೇಗಿತ್ತು ಮೇಷ್ಟ್ರೇ?"

"ಅದರಲ್ಲಿ ಊರವರು ಬಾಯಿ ಬಿಟ್ಟಿದ್ದೆಲ್ಲ ಮಾತಾಡೋಕೆ. ಅದಕ್ಕೆ ರಿಯಾಯಿತಿ ಕೊಟ್ಟಿದ್ದೀನಿ. ಊಟ ಆಗಿದ್ದು ನಂದು, ಇಂಟರ್‌ವಲ್‌ನಲ್ಲಿ. ಒಂದು ಡಬ್ಬ ಜೋಳದ ಅರಳಿಗೆ ಕೊಟ್ಟ ದುಡ್ಡಲ್ಲಿ ಹಿಂದೆ ಒಂದು ಮೂಟೆ ಜೋಳ ಬರ್ತಿತ್ತು."

ಆಮೇಲೆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ಇನ್ನೂರು ರೂಪಾಯಿಯ ಮಿತಿ ಹಾಕಿದಾಗ ಮೇಷ್ಟ್ರು ಕಾಂಪೌಂಡಿಗೆ ಬಂದವರೇ ಭಾಷಣ ಮಾಡಿದ್ದರು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಾಗ ಇನ್ನೊಂದು ಭಾಷಣ ಮಾಡಿದರು. ಎರಡೂ ಚೆನ್ನಾಗಿಯೇ ಇದ್ದವು.

ಹೊಸದರ ಮಾತು ಅಲ್ಲಿಗೆ ಮುಗಿಯಿತು. ಮೇಷ್ಟ್ರ ಪಟ್ಟಿಯ ತಲೆಯ ಮೇಲೆ ಪ್ರತಿವರ್ಷ ಇರುವುದು ‘ಬಂಗಾರದ ಮನುಷ್ಯ’. ಅದು ಬಂದದ್ದು 1972ರಲ್ಲಲ್ಲವೇ ಎಂದರೆ, "ನಾನು ನೋಡಿದ್ದು ಈ ವರ್ಷ" ಎನ್ನುತ್ತಾರೆ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ದಾಖಲೆ, ಇದೆಲ್ಲ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಸಿನಿಮಾ ನೋಡಿ ಪಟ್ಟಣದ ಕೆಲಸ ಬಿಟ್ಟು ನೇಗಿಲು ಹಿಡಿಯಲು ಊರಿಗೆ ಹೋದವರ ಕಥೆಗಳೂ ಗೊತ್ತಿರುವುದೇ. ಮೇಷ್ಟ್ರು ಅದಾವುದನ್ನೂ ಎತ್ತುವುದಿಲ್ಲ. ಅವರಿಗೆ ಬೇಕಾದದ್ದು ಕಡೆಯ ಊಟ.

"ರಾಜೀವಪ್ಪ ಅಷ್ಟೂ ವರ್ಷ ದುಡಿದು ಮನೆ ಎತ್ತಿ ನಿಲ್ಲಿಸಿದ್ದಾನೆ. ಊಟಕ್ಕೆ ಕೂತಿದ್ದಾನೆ. ಅಕ್ಕನ ಮಗ ಕೇಶವ ಬಂದು ಆಡಬಾರದ ಮಾತು ಆಡ್ತಾನೆ. ವಜ್ರಮುನಿ ಸ್ವಾಮೀ, ಆ ಗಂಟಲಲ್ಲಿ ಆ ಮಾತು! ಬೇರೆ ಭಾಷೆಯ ಹೀರೋ ಆಗಿದ್ರೆ ಮೇಜು ಎತ್ತಿ ಒಗೀತಿದ್ದ. ನಮ್ಮ ರಾಜಕುಮಾರ್ ಏನು ಮಾಡಿದ್ರು? ಊಟ ಅರ್ಧಕ್ಕೆ ಬಿಟ್ಟು ಎದ್ದರು. ಎದ್ದು, ಮನೆಯನ್ನೇ ಬಿಟ್ಟು ಹೊರಟುಬಿಟ್ಟರು. ಕೈ ಎತ್ತಲಿಲ್ಲ, ಎದುರು ಮಾತಾಡಲಿಲ್ಲ. ಅಷ್ಟಕ್ಕೇ ಇಡೀ ಕರ್ನಾಟಕ ಅತ್ತಿತು."

ಹೇಳುವಾಗ ಮೇಷ್ಟ್ರ ದನಿಯೂ ಸ್ವಲ್ಪ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಗೋಡೆಯ ಮೇಲಿದ್ದ ಇರುವೆಯನ್ನು ಬೆರಳಿಂದ ಚಿಮ್ಮಿದರು.

ಅವರ ಮಾತಿನಲ್ಲಿ ಹುರುಳಿದೆ ಎನ್ನಿಸಿತು. ಕನ್ನಡದವರಿಗೆ ಉಣ್ಣುವವನನ್ನು ಎಬ್ಬಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ‘ಉಂಡು ಹೋಗಿ’ ಎಂದು ಒತ್ತಾಯ ಮಾಡುವ ಜನ ನಾವು. ಅನ್ನದ ಮುಂದೆ ಕೂತವನಿಗೆ ಸಾಲ ಕೊಟ್ಟವನೂ ಕೈ ತೊಳೆಯುವ ತನಕ ಕಾಯುತ್ತಾನೆ. ಹಾಗಾಗಿ ನಮ್ಮ ಕಥೆಗಾರರಿಗೆ ಒಬ್ಬನಿಗೆ ಎಲ್ಲ ಮುಗಿಯಿತು ಎಂದು ತೋರಿಸಲು ಬಂದೂಕು ಬೇಕಿಲ್ಲ. ಊಟದಿಂದ ಎಬ್ಬಿಸಿದರೆ ಸಾಕು.

ಇದಕ್ಕೆ ನನ್ನ ಕಡೆಯಿಂದ ‘ಸಂಸ್ಕಾರ’ವನ್ನು ಸೇರಿಸಿದೆ. ಪಟ್ಟಾಭಿರಾಮ ರೆಡ್ಡಿಯವರ 1970ರ ಚಿತ್ರ, ಸೆನ್ಸಾರಿನವರು ಮೊದಲು ತಡೆಹಿಡಿದದ್ದು, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದದ್ದು. ಅದನ್ನು ಧರ್ಮಸೂಕ್ಷ್ಮದ ಸಿನಿಮಾ ಎಂದು ಪಂಡಿತರು ಹೇಳುತ್ತಾರೆ. ಈ ಸಲ ಮೇಷ್ಟ್ರ ಕನ್ನಡಕ ಹಾಕಿಕೊಂಡು ನೋಡಿದೆ; ಅದು ಹಸಿವಿನ ಸಿನಿಮಾ. ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಒಲೆ ಹಚ್ಚುವಂತಿಲ್ಲ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ತೀರ್ಮಾನವಾಗುವುದಿಲ್ಲ. ಗ್ರಂಥದ ಹಾಳೆ ಒಂದು ಕಡೆ ಮಗುಚುತ್ತಿದೆ, ಹೊಟ್ಟೆ ಇನ್ನೊಂದು ಕಡೆ ಕೂಗುತ್ತಿದೆ. ಚಿತ್ರಕ್ಕೆ ಮೂಲವಾದ ಅನಂತಮೂರ್ತಿಯವರ ಕಾದಂಬರಿಯ ಕೊನೆಯ ಭಾಗದಲ್ಲಂತೂ, ಆ ತೀರ್ಮಾನ ಹೇಳಬೇಕಾಗಿದ್ದ ಪ್ರಾಣೇಶಾಚಾರ್ಯರು ಸೂತಕವಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಯಾರೋ ಗುರುತು ಹಿಡಿದದ್ದೇ ತಡ, ಊಟದ ನಡುವೆಯೇ ಎದ್ದು ಹೊರಟುಬಿಡುತ್ತಾರೆ.

ಮೇಷ್ಟ್ರು ಗೋಡೆ ತಟ್ಟಿದರು. "ನೋಡಿದ್ರಾ! ಅಲ್ಲಿ ಆಚಾರ್ಯ, ಇಲ್ಲಿ ರೈತ. ಇಬ್ಬರೂ ಅರ್ಧ ಊಟದಲ್ಲಿ ಎದ್ದವರು. ಆರ್ಟ್ ಸಿನಿಮಾ, ಕಮರ್ಷಿಯಲ್ ಸಿನಿಮಾ ಅಂತ ಸುಮ್ಮನೆ ಬೇಲಿ ಹಾಕ್ತೀರಿ."

ಅಲ್ಲಿಂದ ‘ಕಸ್ತೂರಿ ನಿವಾಸ’ಕ್ಕೆ ಬಂದೆವು. ದೊರೆ–ಭಗವಾನ್ ಜೋಡಿಯ 1971ರ ಚಿತ್ರ. 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಬಂತು. ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ, ಕೊಟ್ಟ ಕೈ ಹಿಂದೆಗೆಯದವನು, ಕೊಟ್ಟು ಕೊಟ್ಟು ಬರಿಗೈ ಆಗುತ್ತಾನೆ. ಆಗ ಮನೆಗೆ ಅತಿಥಿ ಬರುತ್ತಾಳೆ. ಊಟ ಹಾಕಲು ಕಾಸಿಲ್ಲ. ಮುದ್ದಿನ ಪಾರಿವಾಳವನ್ನು ಮಾರಿಬಿಡುತ್ತಾನೆ. ಉಂಡಾದ ಮೇಲೆ ಆಕೆ ಬಾಯಿಬಿಟ್ಟು ಕೇಳುವುದು ಅದೇ ಪಾರಿವಾಳವನ್ನು, ಕಾಯಿಲೆ ಬಿದ್ದ ಮಗುವಿಗಾಗಿ.

"ಇಟಲಿಯ ಬೊಕಾಚಿಯೊ 14ನೇ ಶತಮಾನದಲ್ಲಿ ಇಂಥದ್ದೇ ಕಥೆ ಬರೆದಿದ್ದಾನೆ," ಎಂದರು ಮೇಷ್ಟ್ರು, ಪಾಠದ ದನಿಯಲ್ಲಿ. "‘ಡೆಕಮೆರಾನ್’ನಲ್ಲಿ. ಅಲ್ಲಿ ಗಿಡುಗ. ಬಡವನಾದ ಪ್ರೇಮಿ ಅದನ್ನೇ ಕುಯ್ದು ಅಡುಗೆ ಮಾಡಿ ಬಡಿಸ್ತಾನೆ. ಆಕೆ ಕೇಳೋಕೆ ಬಂದಿದ್ದೂ ಅದನ್ನೇ. ನಮ್ಮ ರಾಜಕುಮಾರ್ ಹಕ್ಕಿ ಕುಯ್ತಾರೆ ಅಂದ್ರೆ ಥಿಯೇಟರ್ ಸುಟ್ಟುಹಾಕ್ತಿದ್ರು ಜನ. ಅದಕ್ಕೇ ಮಾರಿಸಿದ್ರು."

ಅಳು ಹೆಚ್ಚಾಯಿತು ಎನ್ನಿಸಿ ‘ಭೂತಯ್ಯನ ಮಗ ಅಯ್ಯು’ ತೆಗೆದೆವು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಇದೂ ಸಿದ್ದಲಿಂಗಯ್ಯನವರದ್ದೇ, 1974ರದ್ದು. ಭೂತಯ್ಯನ ಮೇಲಿನ ಹಳೇ ಸಿಟ್ಟಿಗೆ ಊರವರು ಮಗ ಅಯ್ಯುವಿನ ಮನೆ ದೋಚಲು ನುಗ್ಗುತ್ತಾರೆ. ಒಬ್ಬೊಬ್ಬರ ಕೈಗೂ ಒಂದೊಂದು ಸಿಗುತ್ತದೆ. ಲೋಕನಾಥ್ ಅವರಿಗೆ ಬೇಕಾದದ್ದು ಉಪ್ಪಿನಕಾಯಿ! ಅಷ್ಟು ದೊಡ್ಡ ಗಲಭೆಯ ನಡುವೆ ಒಬ್ಬ ಮನುಷ್ಯನ ನಾಲಿಗೆಯ ಚಪಲವನ್ನು ಅಷ್ಟು ನಿಷ್ಠೆಯಿಂದ ತೋರಿಸಿದ ದೃಶ್ಯ ಇನ್ನೊಂದಿರಲಿಕ್ಕಿಲ್ಲ. ಲೋಕನಾಥ್ ಆಮೇಲೆ ನೂರಾರು ಪಾತ್ರ ಮಾಡಿದರು; ಜನ ಮಾತ್ರ ‘ಉಪ್ಪಿನಕಾಯಿ ಲೋಕನಾಥ್’ ಎಂದೇ ಕರೆದರು. ಪ್ರಶಸ್ತಿಯನ್ನು ಗಾಜಿನ ಕಪಾಟಿನಲ್ಲಿ ಇಡಬಹುದು, ಜನ ಇಟ್ಟ ಹೆಸರನ್ನು ಹೊತ್ತುಕೊಂಡೇ ತಿರುಗಬೇಕು.

"ಲೋಕನಾಥ್ ಅವರು ಉಪ್ಪಿನಕಾಯಿ ತಿನ್ನೋದು ನೋಡಿ ನನಗೆ ಹಲ್ಲು ಜುಮ್ ಅಂತು," ಎಂದೆ.

"ಅದೇ ನಾನು ಹೇಳಿದ್ದು. ಡ್ಯೂಪ್ ಇಲ್ಲ."

ನನ್ನ ಪಟ್ಟಿಯ ಮೊದಲ ಹೆಸರು ‘ತಿಥಿ’. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹೆಚ್ಚಾಗಿ ಎಂದೂ ಕ್ಯಾಮೆರಾ ಮುಂದೆ ನಿಲ್ಲದವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ. ಬರವಣಿಗೆಯಲ್ಲಿ ಜೊತೆಯಾದ ಈರೇಗೌಡರು ಅದೇ ಊರಿನ ನಂಟು ಇರುವವರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದುಕೊಂಡು ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈದು ಸತ್ತುಹೋಗುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಬಿಸಿಲು ಬಂದದ್ದೂ ಒಂದೇ. ಬೀಡಿ ಹಚ್ಚಿಕೊಂಡು ಬ್ರಾಂದಿ ಹಿಡಿದು ಹೊಲದ ಬದು ಹಿಡಿಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಚಿಂತೆ. ಈ ನಾಲ್ಕು ತಲೆಮಾರನ್ನು ಒಂದು ಕಡೆ ಎಳೆದುತರುವುದು ಹನ್ನೊಂದನೇ ದಿನದ ಊಟ. ಊರಿಗೆಲ್ಲ ಬಾಡೂಟ ಹಾಕಬೇಕು, ಕುರಿ ತರಬೇಕು, ಸಾಲ ಮಾಡಬೇಕು. ಸತ್ತವನು ನಿಶ್ಚಿಂತ, ಉಣ್ಣುವವರು ನಿಶ್ಚಿಂತರು, ಬಡಿಸಬೇಕಾದವನಿಗೆ ಮಾತ್ರ ನಿದ್ದೆಯಿಲ್ಲ.

"ಅದು ನಮ್ಮ ಕಡೆ ಊಟ ಸ್ವಾಮೀ," ಎಂದರು ಮೇಷ್ಟ್ರು. ಅವರ ಊರೂ ಆ ದಿಕ್ಕಿನದೇ. "ಸಾವಿನ ಮನೆಯವರು ಅತ್ತರೋ ಇಲ್ಲವೋ ಯಾರೂ ಕೇಳಲ್ಲ. ಪೀಸು ಸಿಕ್ತಾ ಅಂತ ಕೇಳ್ತಾರೆ."

‘ಶಾಖಾಹಾರಿ’ಯನ್ನು ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂದು ಸ್ವಲ್ಪ ಜಗಳವಾಯಿತು. 2024ರ ಸಿನಿಮಾ, ಮಲೆನಾಡಿನಲ್ಲಿ ಪುಟ್ಟದೊಂದು ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಶಾಂತವಾಗಿ ಅಡುಗೆ ಮಾಡಿಕೊಂಡಿದ್ದವನ ಬದುಕಿನೊಳಕ್ಕೆ ಕೊಲೆ ನುಗ್ಗುತ್ತದೆ. ರಘು ಅವರ ನಟನೆಗೆ ಮೇಷ್ಟ್ರು ಕೈ ಮುಗಿದರು. ಆದರೆ ಅದನ್ನು ನೋಡಿದ ಮೇಲೆ ಹೋಟೆಲ್ಲಿನ ಸಾಗು ಗಂಟಲಲ್ಲಿ ಇಳಿಯುತ್ತಿಲ್ಲ ಎಂಬುದು ಅವರ ದೂರು. ಊಟ ಕೆಡಿಸುವ ಸಿನಿಮಾವೂ ಊಟದ ಸಿನಿಮಾವೇ ಎಂದು ನಾನು ವಾದಿಸಿ ಸೇರಿಸಿದೆ.

ಇಷ್ಟು ಹೊತ್ತೂ ಅವರ ಮನೆಯ ಹಿತ್ತಲ ಬಾಗಿಲ ಬಳಿ ಪಾತ್ರೆಯ ಸದ್ದು ಕೇಳುತ್ತಿತ್ತು. ಅದು ನಿಂತಿತು. ನಿಂತದ್ದು ನಮಗೆ ಗೊತ್ತಾಗುವ ಹೊತ್ತಿಗೆ ಮೇಷ್ಟ್ರ ಮನೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೋಡೆಯ ಹತ್ತಿರ ಬಂದಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಗಂಡನ ಪಾಠಗಳನ್ನು ಬಹಳ ವರ್ಷ ಕೇಳಿ, ಎಲ್ಲಿ ಪ್ರಶ್ನೆ ಕೇಳಬೇಕೆಂದು ತಿಳಿದವರು.

"ಒಂದು ಕೇಳ್ತೀನಿ ಕಣಪ್ಪ," ಎಂದರು ನನ್ನ ಕಡೆ ತಿರುಗಿ. "ರಾಜೀವಪ್ಪ ಊಟ ಬಿಟ್ಟು ಎದ್ದುಹೋದ. ಪಾಪ, ಸಂಕಟ ಆಯ್ತು, ನಾನೂ ಅತ್ತಿದ್ದೀನಿ. ಆಮೇಲೆ ಆ ಎಂಜಲು ತೆಗೆದೋರು ಯಾರು?"

ಮೇಷ್ಟ್ರು ನನ್ನನ್ನು ನೋಡಿದರು. ನಾನು ಮೇಷ್ಟ್ರನ್ನು ನೋಡಿದೆ.

"ಅದನ್ನೆಲ್ಲ ತೋರಿಸಕ್ಕಾಗುತ್ತಾ? ಕ್ಯಾಮೆರಾ ಹೀರೋ ಹಿಂದೆ ಹೋಗಬೇಕಲ್ಲ," ಎಂದರು ಮೇಷ್ಟ್ರು.

"ಅದೇ ಹೇಳ್ತಿರೋದು. ನಿಮ್ಮ ಕ್ಯಾಮೆರಾ ಎಲ್ಲ ಎದ್ದು ಹೋದೋರ ಹಿಂದೇನೇ ಹೋಗುತ್ತೆ."

ಅಕ್ಕನ ಪಟ್ಟಿಯೇ ಬೇರೆ ಇತ್ತು. ಮೊದಲನೆಯದು ಮಲಯಾಳದ ‘ದಿ ಗ್ರೇಟ್ ಇಂಡಿಯನ್ ಕಿಚನ್’. ಜಿಯೋ ಬೇಬಿಯವರ ನಿರ್ದೇಶನ, 2021ರದ್ದು. ದೊಡ್ಡ ಓಟಿಟಿಗಳು ಬೇಡವೆಂದ ಮೇಲೆ ಸಣ್ಣದೊಂದರಲ್ಲಿ ಬಂದು, ಬಾಯಿಂದ ಬಾಯಿಗೆ ಹರಡಿದ ಸಿನಿಮಾ. ಮೇಷ್ಟ್ರು ಅದನ್ನು ಅರ್ಧ ನೋಡಿ ನಿದ್ದೆ ಹೋಗಿದ್ದರಂತೆ. ಅಕ್ಕ ಪೂರ್ತಿ ನೋಡಿದರು. ಅದರ ಕಥೆಯನ್ನು ಅವರು ಹೇಳಿದ ರೀತಿಯಲ್ಲೇ ಹೇಳುತ್ತೇನೆ.

"ಗಂಡ, ಮಾವ ಊಟ ಮಾಡಿ ಏಳ್ತಾರೆ. ನುಗ್ಗೇಕಾಯಿ ಅಗಿದು ಅಗಿದು ಸಿಪ್ಪೆನೆಲ್ಲ ಮೇಜಿನ ಮೇಲೇ ಉಗಿದಿರ್ತಾರೆ. ಮೇಜು ನೋಡಕ್ಕಾಗಲ್ಲ. ಹೆಂಗಸರು ಊಟಕ್ಕೆ ಕೂರಬೇಕಾಗಿದ್ದು ಅದೇ ಮೇಜಿಗೆ. ಸಿಂಕಿನ ಪೈಪು ಸೋರುತ್ತೆ, ಪ್ಲಂಬರ್ ಕರೀರಿ ಅಂತ ಗಂಡನಿಗೆ ಹೇಳ್ತಾನೇ ಇರ್ತಾಳೆ, ಅವನು ಮರೀತಾನೇ ಇರ್ತಾನೆ. ಕೆಳಗೊಂದು ಬಕೆಟ್ಟು ಇಡ್ತಾಳೆ. ಆ ಕೊಳಕು ನೀರು ತುಂಬ್ತಾ ಇರುತ್ತೆ. ಕೊನೇಗೆ ಆ ನೀರು ತಗೊಂಡು ಇಬ್ಬರ ಮೇಲೂ ಎರಚಿ ಮನೆ ಬಿಟ್ಟು ಹೋಗ್ತಾಳೆ. ಅವಳು ಎದ್ದು ಹೋಗಿದ್ದು ಊಟ ಬಿಟ್ಟು ಅಲ್ಲ, ಅಡುಗೆ ಬಿಟ್ಟು."

ಮೇಷ್ಟ್ರ ಮನೆಯ ಸಿಂಕು ಯುಗಾದಿಯಿಂದಲೂ ಸೋರುತ್ತಿದೆ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಅಕ್ಕನ ಎರಡನೆಯ ಆಯ್ಕೆ ‘ದಿ ಲಂಚ್‌ಬಾಕ್ಸ್’. ರಿತೇಶ್ ಬಾತ್ರಾ ಅವರ 2013ರ ಚಿತ್ರ. ಮುಂಬೈನ ಡಬ್ಬಾವಾಲಾಗಳ ಕೈಯಲ್ಲಿ ಗಂಡನಿಗೆ ಕಳಿಸಿದ ಡಬ್ಬಿ ಬೇರೆ ಯಾರಿಗೋ ತಲುಪುತ್ತದೆ. ಆ ಬೇರೆ ಯಾರೋ ಇರ್ಫಾನ್ ಖಾನ್. ಇರ್ಫಾನ್ ಡಬ್ಬಿ ತೆರೆಯುವ ಬಗೆಯ ಬಗ್ಗೆ ಮೇಷ್ಟ್ರು ಮಾತೆತ್ತಿದರು. ಅಕ್ಕ ಕೈ ಅಡ್ಡ ಮಾಡಿ ನಿಲ್ಲಿಸಿದರು. ಅವರಿಗೆ ಬೇಕಾದವರು ಮೇಲಿನ ಮನೆಯ ದೇಶಪಾಂಡೆ ಆಂಟಿ. ಇಡೀ ಸಿನಿಮಾದಲ್ಲಿ ಆಕೆಯ ಮುಖವಿಲ್ಲ, ಬರೀ ದನಿ. ಕೆಳಗಿನ ಮನೆಯ ಇಳಾ ಒಗ್ಗರಣೆ ಹಾಕಿದರೆ ಮೇಲಿನಿಂದಲೇ ವಾಸನೆ ಹಿಡಿದು ಏನು ಕಮ್ಮಿ ಎಂದು ಹೇಳುತ್ತಾಳೆ. ಬೇಕಾದದ್ದನ್ನು ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಬಿಡುತ್ತಾಳೆ.

"ಅದು ಸಿನಿಮಾ," ಎಂದರು ಅಕ್ಕ. "ಮುಖ ತೋರಿಸದೇ ಒಂದು ಸಂಸಾರ ನಡೆಸಿಬಿಟ್ಟಳು."

ಮೇಷ್ಟ್ರು ಸುಲಭಕ್ಕೆ ಸೋಲೊಪ್ಪುವವರಲ್ಲ. ತಿಥಿ ಊಟಕ್ಕೆ ಗಂಡಸರೇ ಒಲೆಯ ಮುಂದೆ ನಿಲ್ಲುವುದಿಲ್ಲವೇ, ಮದುವೆಮನೆಯಲ್ಲಿ ಭಟ್ಟರೇ ಅಡುಗೆ ಮಾಡುವುದಿಲ್ಲವೇ ಎಂದು ಪಾಯಿಂಟು ಹಾಕಿದರು.

"ಮಾಡ್ತಾರೆ. ಸಂಭಾವನೆ ತಗೊಂಡು ಮಾಡ್ತಾರೆ, ಇಲ್ಲಾ ಊರೆಲ್ಲ ನೋಡ್ತಿರುವಾಗ ಮಾಡ್ತಾರೆ. ಯಾರೂ ನೋಡದೇ ಇರುವಾಗ ರಾತ್ರಿ ಉಳಿದ ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ತಿನ್ನೋರು ಯಾರು ಹೇಳಿ."

ಕೊನೆಯ ಅಸ್ತ್ರವಾಗಿ ಮೇಷ್ಟ್ರು ‘ಮಾಯಾಬಜಾರ್’ ಬಿಟ್ಟರು. 1957ರ ಆ ತೆಲುಗು ಚಿತ್ರವನ್ನು ಟಿವಿಯಲ್ಲಿ ಹಾಕಿದಾಗಲೆಲ್ಲ ಅಕ್ಕ ಕೆಲಸ ಬಿಟ್ಟು ಕೂರುತ್ತಾರೆಂಬುದು ಅವರಿಗೆ ಗೊತ್ತು. ಮದುವೆಮನೆಯ ಭಕ್ಷ್ಯವನ್ನೆಲ್ಲ ಘಟೋತ್ಕಚ ಒಬ್ಬನೇ ಬಾರಿಸುವ ದೃಶ್ಯ, ಎಸ್.ವಿ. ರಂಗರಾವ್ ಅವರ ಬಾಯಿಗೆ ಲಾಡುಗಳು ತಾವಾಗಿಯೇ ಹಾರಿಹೋಗಿ ಬೀಳುತ್ತವೆ.

"ಅದು ನೋಡಿ ನಗ್ತೀಯಲ್ಲ, ಅಲ್ಲಿ ಎಂಜಲು ತೆಗೆಯೋ ಪ್ರಶ್ನೆನೇ ಇಲ್ಲ. ಒಂದು ಅಗುಳೂ ಬಿಡಲ್ಲ ಅವನು!"

"ನಗ್ತೀನಿ," ಎಂದರು ಅಕ್ಕ. "ನಗ್ತಾ ನಗ್ತಾನೇ ಅಷ್ಟು ಲಾಡು ಕಟ್ಟಿದೋರ ಸೊಂಟ ಏನಾಗಿರಬೇಕು ಅಂತಲೂ ಅಂದ್ಕೊಳ್ತೀನಿ."

ಮೇಷ್ಟ್ರ ಬಾಯಿ ಕಟ್ಟಿತು. ನಾನು ಅಷ್ಟರಲ್ಲಿ ಪಕ್ಷಾಂತರ ಮಾಡಿಯಾಗಿತ್ತು. ನನ್ನದೇ ‘ಸಂಸ್ಕಾರ’ವನ್ನು ಅಕ್ಕನ ಪ್ರಶ್ನೆ ಹಿಡಿದು ಮತ್ತೆ ನೆನೆದುಕೊಂಡೆ. ಅಗ್ರಹಾರದ ಗಂಡಸರು ಶಾಸ್ತ್ರ ಹುಡುಕುತ್ತಾ ಕೂತಿದ್ದಾರೆ, ಆಚಾರ್ಯರು ಮಾರುತಿಯ ಮುಂದೆ ಕೂತು ಅಪ್ಪಣೆ ಕಾಯುತ್ತಿದ್ದಾರೆ. ಆ ರಾತ್ರಿ ಕೊಳೆಯುತ್ತಿದ್ದ ಹೆಣವನ್ನು ಸುಡಿಸಿದವಳು ನಾರಣಪ್ಪನ ಸಂಗಾತಿ ಚಂದ್ರಿ. ಬ್ರಾಹ್ಮಣಳಲ್ಲ, ಹೆಂಡತಿಯೂ ಅಲ್ಲ, ಪಂಕ್ತಿಗೆ ಸೇರದವಳು. ಇಡೀ ಅಗ್ರಹಾರಕ್ಕೆ ಸೇರಿದ ಕೆಲಸವನ್ನು, ಬೇರೆ ಮತದವನೊಬ್ಬನ ನೆರವು ಪಡೆದು, ಮುಗಿಸಿ ಊರು ಬಿಟ್ಟಳು. ಆಕೆ ಮಾಡಿದ್ದೂ ಎಂಜಲು ತೆಗೆಯುವ ಕೆಲಸವೇ. ಕಥೆ ಆಮೇಲೆ ಹೋದದ್ದು ಮಾತ್ರ ಆಚಾರ್ಯರ ಹಿಂದೆ.

ಇದನ್ನು ಹೇಳಿದಾಗ ಅಕ್ಕ ಮೆಚ್ಚುತ್ತಾರೆಂದುಕೊಂಡೆ. "ಈಗ ಗೊತ್ತಾಯ್ತಾ?" ಎಂದರು ಅಷ್ಟೆ.

ಹೀಗೆ ನಮ್ಮ ಕಾಂಪೌಂಡಿನ ಈ ಸಾಲಿನ ಪಟ್ಟಿ ಎರಡು ಭಾಗವಾಯಿತು: ಊಟ ಬಿಟ್ಟು ಎದ್ದವರ ಸಿನಿಮಾಗಳು, ಎದ್ದುಹೋದ ಮೇಲೆ ಉಳಿದವರ ಸಿನಿಮಾಗಳು. ಮೊದಲ ಭಾಗ ಉದ್ದಕ್ಕೆ ಬೆಳೆಯಿತು. ಎರಡನೆಯದರಲ್ಲಿ ಬಂದ ಎರಡು ಹೆಸರೂ ಬೇರೆ ಭಾಷೆಯವು. ಕನ್ನಡದಲ್ಲಿ ಹೆಣ್ಣಿನ ಸಂಕಟದ ಚಿತ್ರಗಳಿಗೆ ಬರವಿಲ್ಲ, ನಿರ್ದೇಶಕ ಪುಟ್ಟಣ್ಣನವರೊಬ್ಬರೇ ಸಾಲದೇ? ಆದರೂ ನಟಿ ಕಲ್ಪನಾ ಅವರ ಕಣ್ಣೀರು ನೆನಪಾದಷ್ಟು ಅವರ ಕೈಯಲ್ಲಿದ್ದ ಸೌಟು ನೆನಪಾಗುತ್ತಿಲ್ಲ.

"ಹಾಗಾದ್ರೆ ಒಂದು ಸಿನಿಮಾ ಬರಬೇಕು ಅಕ್ಕ," ಎಂದೆ ಹುರುಪಿನಲ್ಲಿ. "ರಾಜೀವಪ್ಪ ಬಾಗಿಲು ದಾಟಿ ಹೋದ ಮೇಲೆ ಶುರುವಾಗೋ ಸಿನಿಮಾ. ಕ್ಯಾಮೆರಾ ಊಟದ ಮನೆಯಲ್ಲೇ ಇರಬೇಕು. ಅನ್ನ ಹಾಗೇ ಇದೆ, ಯಾರು ಬರ್ತಾರೆ, ಯಾರು ಎತ್ತುತಾರೆ, ಎತ್ತುವಾಗ ಏನು ಬೈಕೊಳ್ತಾರೆ, ಎಲ್ಲ ಇರಬೇಕು. ಅಂಥದ್ದು ಬಂದ್ರೆ ಇನ್ನೂರಲ್ಲ, ಐನೂರು ಕೊಟ್ಟಾದ್ರೂ ಮೊದಲ ದಿನವೇ ನೋಡ್ತೀನಿ."

"ಐನೂರಾ?" ಮೇಷ್ಟ್ರು ಗೋಡೆಯಿಂದ ಮೊಣಕೈ ತೆಗೆದು ನೆಟ್ಟಗಾದರು. "ಓಟಿಟಿಗೆ ಬರಲಿ ಬಿಡಿ ಸ್ವಾಮೀ. ಪಾತ್ರೆ ತೊಳೆಯೋದು ನೋಡೋಕೆ ಐನೂರು ಕೊಡ್ತಾರಾ ಯಾರಾದ್ರೂ?"

"ಕೊಡೋದು ಬೇಡ," ಎಂದರು ಅಕ್ಕ, ಒಳಗೆ ಹೋಗುತ್ತಾ. "ಬನ್ನಿ, ನಾನು ಪುಕ್ಕಟೆ ತೋರಿಸ್ತೀನಿ. ಬೆಳಗಿನ ಪಾತ್ರೆ ಇನ್ನೂ ಅರ್ಧ ಹಾಗೇ ಇದೆ."